ಆಯಿಲ್ ಕುಡಿಯುವ ಕಾರು: ಎಲ್ಲಿ ಹೋಗುತ್ತೆ ಆ ಎಣ್ಣೆ?

ಯಾವಾಗಲೂ ಜೀವಕೋಶ, ಕಿಣ್ವ, ಜೀನ್ ಅಂತ ಮಾತಾಡುವ ನಾನು ಇವತ್ತು ಕಾರಿನ ಬಾನೆಟ್ ಎತ್ತಿಕೊಂಡು ನಿಂತಿದ್ದೀನಿ. ಕಾರಣ ಇದೆ, ಹೇಳ್ತೀನಿ.

ಪಿಟ್ಸ್‌ಬರ್ಗ್‌ಗೆ ಪೋಸ್ಟ್‌ಡಾಕ್ ಆಗಿ ಬಂದ ವರ್ಷ ಒಂದು ಲಕ್ಷ ಮೈಲಿ ಓಡಿದ್ದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆ. ಮೂರನೇ ತಿಂಗಳು, ಊರಿಂದ ಬಂದಿದ್ದ ಅಮ್ಮನನ್ನು ಕೂರಿಸಿಕೊಂಡು ಹೋಗ್ತಿದ್ದಾಗ ಹೆದ್ದಾರಿಯ ಒಂದು ತಿರುವಿನಲ್ಲಿ ಕೆಂಪು ಆಯಿಲ್ ದೀಪ ಮಿನುಗಿ ಆರಿತು. ಬದಿಗೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ತುದಿಯಲ್ಲೂ ಎಣ್ಣೆ ಇಲ್ಲ. ಅಮ್ಮ ಅಂದರು: "ಎಣ್ಣೆ ಖಾಲಿಯಾದ್ರೆ ಹತ್ತೋ ದೀಪ ನಾನು ಇದೇ ಮೊದಲು ನೋಡಿದ್ದು ಕಣೋ."

ಅಮ್ಮನ ಮಾತಲ್ಲೇ ಮೊದಲ ಪಾಠ ಇದೆ. ಆ ಕೆಂಪು ದೀಪ ಹೇಳುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ತಿರುವಿನಲ್ಲಿ ಉಳಿದ ಎಣ್ಣೆ ಒಂದು ಬದಿಗೆ ಸರಿದು, ಪಂಪು ಗಾಳಿ ಎಳೆದಾಗ ಒತ್ತಡ ಬೀಳುತ್ತೆ, ದೀಪ ಹತ್ತುತ್ತೆ. ಅಷ್ಟು ಹೊತ್ತಿಗೆ ಬೇರಿಂಗ್‌ಗಳಿಗೆ ಅಪಾಯ ಶುರುವಾಗಿರುತ್ತೆ. ಹಾಗಾಗಿ ದೀಪವನ್ನು ನಂಬಿ ಕೂರಬೇಡಿ, ಡಿಪ್‌ಸ್ಟಿಕ್ ನೋಡಿ.

ಗ್ಯಾರೇಜಿನಲ್ಲಿ ಒಬ್ಬರು ಹೊಗೆ ಕೊಳವೆಯನ್ನೂ ನೋಡದೆ "ಎಂಜಿನ್ ಬದಲಾಯಿಸಿ" ಅಂದುಬಿಟ್ಟರು. ಅದರ ಖರ್ಚು ನನ್ನ ಕಾರಿನ ಬೆಲೆಗಿಂತ ಜಾಸ್ತಿ. ಲ್ಯಾಬಿನಲ್ಲಿ ಯಾರಾದರೂ ಅಳತೆಯೇ ಇಲ್ಲದೆ ತೀರ್ಮಾನ ಹೇಳಿದರೆ ಒಪ್ತೀವಾ? ಇಲ್ಲ. ಸರಿ, ಒಂದು ನೋಟ್‌ಬುಕ್ ತೆರೆದೆ.

ಮೊದಲ ಪ್ರಶ್ನೆ: ಎಣ್ಣೆ ಸೋರುತ್ತಿದೆಯೋ, ಉರಿಯುತ್ತಿದೆಯೋ? ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿದೆ. ಎರಡು ವಾರ ಕಳೆದರೂ ಒಂದು ಹನಿ ಬಿದ್ದಿರಲಿಲ್ಲ. ಎಂಜಿನ್ ಓಡುವಾಗ ಮಾತ್ರ ಸೋರುವುದೂ ಉಂಟು, ಆದ್ದರಿಂದ ಎಂಜಿನ್ ಅಡಿಭಾಗವನ್ನೂ ನೋಡಿದೆ. ಒಣಗಿತ್ತು. ಅಂದ್ರೆ ಎಣ್ಣೆ ಒಳಗೇ ಉರಿಯುತ್ತಿದೆ.

ಎರಡನೆಯದು: ಎಷ್ಟು ಉರಿಯುತ್ತಿದೆ? ಪ್ರತಿ ಸಲ ಅದೇ ಸಮತಟ್ಟಾದ ಜಾಗ, ಎಂಜಿನ್ ಆರಿಸಿ ಅದೇ ಹತ್ತು ನಿಮಿಷ, ಆಮೇಲೆ ಅಳತೆ. ಇಲ್ಲೊಂದು ಮೋಸ ಇದೆ. ಚಳಿಗಾಲದಲ್ಲಿ ಬರೀ ಚಿಕ್ಕ ಚಿಕ್ಕ ದೂರ ಓಡಿಸಿದರೆ ಸ್ವಲ್ಪ ಪೆಟ್ರೋಲ್ ಎಣ್ಣೆಗೆ ಸೇರಿಕೊಳ್ಳುತ್ತೆ, ಮಟ್ಟ ಇಳಿದ ಹಾಗೆ ಕಾಣಲ್ಲ. ಒಂದು ದೂರದ ಪ್ರಯಾಣದಲ್ಲಿ ಅದು ಆವಿಯಾದರೆ ಮಟ್ಟ ದಿಢೀರನೆ ಕುಸಿದಂತೆ ಕಾಣುತ್ತೆ. ಅದಕ್ಕೇ ಒಂದು ವಾರದ ಲೆಕ್ಕ ಸಾಲದು. ನನ್ನ ಲೆಕ್ಕ ಬಂದದ್ದು 1,200 ಮೈಲಿಗೆ, ಅಂದರೆ ಸುಮಾರು 1,930 ಕಿಲೋಮೀಟರಿಗೆ, ಒಂದು ಕ್ವಾರ್ಟ್. ಒಂದು ಲೀಟರಿಗೆ ಸ್ವಲ್ಪ ಕಡಿಮೆ.

ಹಾಗಾದ್ರೆ ಹೊಗೆ ಯಾಕೆ ಕಾಣಲಿಲ್ಲ? ಒಂದು ಗ್ಯಾಲನ್‌ಗೆ 30 ಮೈಲಿ ಅಂದುಕೊಂಡರೂ ಆ ದೂರಕ್ಕೆ 40 ಗ್ಯಾಲನ್, ಅಂದರೆ 160 ಕ್ವಾರ್ಟ್ ಪೆಟ್ರೋಲ್. 160 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ನಮ್ಮಪ್ಪನ ಟೂ ಸ್ಟ್ರೋಕ್ ಸ್ಕೂಟರಿಗೆ ಬಂಕಿನಲ್ಲಿ ಟೂಟಿ ಆಯಿಲ್ ಹಾಕಿಸ್ತಿದ್ದು ನೆನಪಿದೆಯಲ್ಲ? ಅದು 50 ಪಾಲಿಗೆ ಒಂದು ಪಾಲು. ಅಲ್ಲಿ ಹೊಗೆ ಎದ್ದು ಕಾಣುತ್ತಿತ್ತು. ನನ್ನ ಕಾರಿನದು ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಜೊತೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಒಂದಷ್ಟನ್ನು ನುಂಗಿಬಿಡುತ್ತೆ. ಪುಕ್ಕಟೆಯಾಗಿ ಅಲ್ಲ: ಎಣ್ಣೆಯಲ್ಲಿರುವ ರಂಜಕ, ಸತು ಅದರ ಮೇಲೆ ಪದರ ಕಟ್ಟಿ ಕ್ರಮೇಣ ಅದನ್ನು ಹಾಳುಮಾಡುತ್ತವೆ.

ಹೊಗೆ ಕಂಡರೆ ಬಣ್ಣ ನೋಡಿ. ನೀಲಿ ಛಾಯೆ ಇದ್ದರೆ ಎಣ್ಣೆ. ಕಪ್ಪು ಆದರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ, ಸಿಹಿ ವಾಸನೆ ಇದ್ದರೆ ಕೂಲೆಂಟ್. ಚಳಿಯ ಬೆಳಿಗ್ಗೆ ಕಾಣುವ ತೆಳು ಬಿಳಿ ಬರೀ ನೀರಾವಿ, ಹೆದರಬೇಡಿ.

ಬಣ್ಣಕ್ಕಿಂತ ಮುಖ್ಯ, ಅದು ಯಾವಾಗ ಬರುತ್ತೆ ಅನ್ನೋದು. ರಾತ್ರಿಯಿಡೀ ನಿಂತ ಕಾರು ಸ್ಟಾರ್ಟ್ ಆದ ಕೂಡಲೇ ಒಂದು ನೀಲಿ ಉಸಿರು ಬಿಟ್ಟರೆ, ವಾಲ್ವ್ ಸೀಲ್‌ಗಳ ಮೇಲೆ ಅನುಮಾನ. ರಾತ್ರಿ ಹನಿಹನಿಯಾಗಿ ಇಳಿದ ಎಣ್ಣೆ ಅದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಮತ್ತೆ ಒತ್ತಿದಾಗ ಬಂದರೂ ಅದೇ ದಿಕ್ಕು. ಏರು ಹತ್ತುವಾಗ, ಜೋರಾಗಿ ಒತ್ತಿದಾಗ ಬಂದರೆ ಪಿಸ್ಟನ್ ರಿಂಗ್. ಪಿಟ್ಸ್‌ಬರ್ಗ್‌ನಲ್ಲಿ ಏರು ಇಳಿವುಗಳಿಗೆ ಬರವಿಲ್ಲ. ಗೆಳೆಯನೊಬ್ಬ ಹಿಂದೆ ಹಿಂದೆ ಓಡಿಸಿಕೊಂಡು ಬಂದು ನೋಡಿದ. ಏರಿನಲ್ಲಿ ಮಾತ್ರ ತೆಳು ನೀಲಿ.

ದುಬಾರಿ ಉತ್ತರಕ್ಕೆ ಮೊದಲು ಅಗ್ಗದ್ದನ್ನು ತಳ್ಳಿಹಾಕಬೇಕು. ಪಿಸಿವಿ ವಾಲ್ವ್ ಅನ್ನೋ ಪುಟ್ಟ ಭಾಗ ಎಂಜಿನ್ ಒಳಗಿನ ಅನಿಲವನ್ನು ಮತ್ತೆ ಗಾಳಿಯ ದಾರಿಗೆ ಕಳಿಸುತ್ತೆ. ಅದು ಕೆಟ್ಟರೆ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತೆ. ಬದಲಾಯಿಸಿದೆ, ಮತ್ತೆ ಸಾವಿರ ಮೈಲಿ ಅಳೆದೆ. ವ್ಯತ್ಯಾಸ ಇಲ್ಲ.

ಈಗ ಕಂಪ್ರೆಷನ್ ಟೆಸ್ಟ್. ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತೆ ಅಂತ ನೋಡುವುದು. ಕಡಿಮೆ ಬಂದರೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ: ಒತ್ತಡ ಏರಿದರೆ ರಿಂಗ್ ದೋಷ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ನನ್ನ ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಸಮ, ಚೆನ್ನಾಗೇ ಇತ್ತು. ಎರಡನೇ ಮೆಕ್ಯಾನಿಕ್, "ರಿಂಗ್ ಗಟ್ಟಿಯಾಗಿದೆ, ಚಿಂತೆ ಬೇಡ" ಅಂದರು.

ನಾನು ಎಡವಿದ್ದು ಇಲ್ಲೇ. ಎರಡು ತಿಂಗಳು ನಂಬಿದೆ. ಆಮೇಲೆ ಹೊಳೆಯಿತು: ಈ ಪರೀಕ್ಷೆ ಯಾವ ರಿಂಗನ್ನು ಅಳೆಯುತ್ತೆ? 1854ರಲ್ಲಿ ಇಂಗ್ಲೆಂಡಿನ ಜಾನ್ ರ‍್ಯಾಮ್ಸ್‌ಬಾಟಮ್ ಉಗಿ ಎಂಜಿನ್‌ಗಳ ಸೀಳು ರಿಂಗ್ ಬಗ್ಗೆ ವಿವರಿಸಿದಾಗ ಅದರ ಕೆಲಸ ಉಗಿಯನ್ನು ತಡೆಯುವುದು. ಇವತ್ತಿನ ಕಾರಿನ ಪಿಸ್ಟನ್‌ಗೆ ಸಾಮಾನ್ಯವಾಗಿ ಮೂರು ರಿಂಗ್. ಅನಿಲವನ್ನು ತಡೆಯುವುದು ಮುಖ್ಯವಾಗಿ ಮೇಲಿನ ಎರಡು. ಗೋಡೆಯ ಮೇಲಿನ ಎಣ್ಣೆಯನ್ನು ಕೆರೆದು ಕೆಳಗೆ ಕಳಿಸುವುದು ಮೂರನೆಯದು. ಅದರ ಸಣ್ಣ ರಂಧ್ರಗಳಿಗೆ ಇಂಗಾಲ ಕಟ್ಟಿಕೊಂಡರೆ ಎಣ್ಣೆ ಮೇಲೇ ಉಳಿದು ಉರಿಯುತ್ತೆ, ಆದರೆ ಕಂಪ್ರೆಷನ್ ಸರಿಯಾಗೇ ಇರುತ್ತೆ. ಪರೀಕ್ಷೆ ಸುಳ್ಳು ಹೇಳಲಿಲ್ಲ; ನಾವು ಕೇಳಿದ ಪ್ರಶ್ನೆಗೆ ಉತ್ತರಿಸಿತು, ಅಷ್ಟೇ.

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಸಿದೆ. ಎರಡು ಪ್ಲಗ್ಗುಗಳ ಮೇಲೆ ಎಣ್ಣೆಯ ಕಸರು. ಅದೇ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದಾಗ ಆ ಎರಡು ಪಿಸ್ಟನ್‌ಗಳ ಮೇಲ್ಮೈ ನಡುವೆ ಕಪ್ಪು, ಅಂಚು ಮಾತ್ರ ಎಣ್ಣೆಯಿಂದ ತೊಳೆದ ಹಾಗೆ ಒದ್ದೆ. ರಿಂಗ್ ಬದಿಯಿಂದಲೇ ಎಣ್ಣೆ ಬರುತ್ತಿದೆ ಅನ್ನೋದಕ್ಕೆ ಬಲವಾದ ಸಾಕ್ಷಿ.

ರಿಂಗ್ ಬದಲಾಯಿಸಲು ಎಂಜಿನ್ ಬಿಚ್ಚಬೇಕು, ಅಷ್ಟು ಹಣ ಇರಲಿಲ್ಲ. ಡಿಕ್ಕಿಯಲ್ಲಿ ಸದಾ ಒಂದು ಕ್ವಾರ್ಟ್ ಎಣ್ಣೆ ಇಟ್ಟುಕೊಂಡು, ಪ್ರತಿ ಎರಡನೇ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ನೋಡುತ್ತಾ ಎರಡು ವರ್ಷ ಓಡಿಸಿದೆ. ಆ ಕೆಂಪು ದೀಪ ಮತ್ತೆ ಹತ್ತಲಿಲ್ಲ.

ಕೊನೆಗೆ ಮಾರುವಾಗ ಕೊಳ್ಳಲು ಬಂದದ್ದು ದಾವಣಗೆರೆಯಿಂದ ಆಗಷ್ಟೇ ಬಂದಿದ್ದ ಒಬ್ಬ ವಿದ್ಯಾರ್ಥಿ. ಬರುವ ಮೊದಲು ಎಂಜಿನ್ ಬಿಸಿಮಾಡಿ, ಎಣ್ಣೆ ತುಂಬಿಸಿ ಇಟ್ಟಿದ್ದರೆ ಅವನಿಗೆ ಏನೂ ಗೊತ್ತಾಗ್ತಿರಲಿಲ್ಲ. ನನಗೂ ಯಾರೋ ಹಾಗೇ ಮಾರಿದ್ದಿರಬಹುದು. ನೋಟ್‌ಬುಕ್ ಕೈಗೆ ಕೊಟ್ಟೆ, ಬೆಲೆ ಇಳಿಸಿದೆ. ಅವನು ಪೂರ್ತಿ ಓದಿ ಕೇಳಿದ: "ಅಣ್ಣಾ, ಡಿಕ್ಕಿಲಿರೋ ಎಣ್ಣೆ ಬಾಟ್ಲೀನೂ ಸೇರಿತಾ?" ಸೇರಿತು ಅಂದೆ.

ನೀವು ಹಳೇ ಕಾರು ನೋಡಲು ಹೋದರೆ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, "ನಾಳೆ ಬೆಳಿಗ್ಗೆ ಬರ್ತೀನಿ, ಸ್ಟಾರ್ಟ್ ಮಾಡದೆ ಇಟ್ಟಿರಿ" ಅನ್ನಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಜೀವಕೋಶಗಳ ಜೊತೆ ಸಿಗೋಣ.