ಈ ಡೈರಿ ಇನ್ನು ಯಾಕೆ?

ಪ್ರಶ್ನೆ: ನಂದೂರಿಗೆ ಮದುವೆಯಾಗಿ ಬಂದವಳು. ಹೆರಿಗೆಯಾಗಿ ಐದು ತಿಂಗಳು; ಕಲಬುರಗಿಯಲ್ಲಿದ್ದ ಶಾಲೆಯ ಕೆಲಸ ಬಿಟ್ಟಿದ್ದೇನೆ. ಕಾಲೇಜಿನಿಂದಲೂ ಡೈರಿ ಬರೆಯುವ ರೂಢಿ. ಈಗ ಬರೆದದ್ದನ್ನೇ ಬರೆಯುತ್ತೇನೆ, ಅಳು ಬರುತ್ತದೆ. ಮನೆಯವರು ಓದಿಯಾರೆಂದು ತೊಗರಿ ಚೀಲದ ಹಿಂದೆ ಬಚ್ಚಿಡುತ್ತೇನೆ. ಯಾಕೆ ಬರೆಯಬೇಕು? ಸುಟ್ಟುಬಿಡಲೇ?

ಉತ್ತರ: ಸುಡಬೇಡಿ. ಹಳೆಯ ಡೈರಿಗಳನ್ನು ತವರಿಗೆ ಹೋದಾಗ ಅಲ್ಲೇ ಇಟ್ಟು ಬನ್ನಿ. ಕಳೆದ ತಿಂಗಳ ಪುಟಗಳನ್ನು ಮಾತ್ರ ಹಗಲಲ್ಲಿ ಕೂತು ಓದಿ. ಒಂದೇ ದೂರು ಮತ್ತೆ ಮತ್ತೆ ಬಂದಿದ್ದರೆ ಆ ಬರವಣಿಗೆ ನಿಮ್ಮನ್ನು ಹಗುರ ಮಾಡುತ್ತಿಲ್ಲ, ಗಾಯ ಕೆದಕುತ್ತಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ ಪ್ರಯೋಗಿಸಿ ನೋಡಿದ ಕ್ರಮವೊಂದಿದೆ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸು ಕದಡಿದ ವಿಷಯ ಬರೆದು ನಿಲ್ಲಿಸುವುದು. ಬಿಡಿ ಹಾಳೆಯಲ್ಲಿ ಬರೆದು ಹರಿದುಹಾಕಿ, ಬಚ್ಚಿಡುವ ಕಾಟ ತಪ್ಪುತ್ತದೆ. ಬರೆಯುವಾಗ ಅಳು ಸಹಜ. ಗಂಟೆ ಕಳೆದರೂ ನಿಲ್ಲದಿದ್ದರೆ ಬರೆಯುವುದನ್ನೇ ಬಿಡಿ. ವರ್ಷಗಳ ರೂಢಿ ಎಂಬುದು ಮುಂದುವರಿಸಲು ಕಾರಣವಲ್ಲ. ಇನ್ನು ಕೆಲಸಕ್ಕೆ ಮರಳುವ ಪ್ರಶ್ನೆ ಡೈರಿಯಲ್ಲಿ ಬಗೆಹರಿಯದು, ಯಜಮಾನರ ಜೊತೆ ಕೂತು ಮಾತಾಡಿ.

ನನಗೆ ಡೈರಿಗಿಂತ ಹೆರಿಗೆಯ ಮಾತೇ ಮುಖ್ಯ. ಎರಡು ವಾರಕ್ಕೂ ಹೆಚ್ಚು ಬೇಸರ, ಮಗು ಮಲಗಿದರೂ ನಿಮಗೆ ನಿದ್ದೆಯಿಲ್ಲ ಎಂದಾದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಹಾಲುಣಿಸುತ್ತಿದ್ದೀರೆಂದು ಮೊದಲೇ ಹೇಳಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಅಂದೇ ಹೋಗಬೇಕು, ಒಬ್ಬರೇ ಇರಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.