ನಾರಿನ ಭಂಗಿ: ಬಿತ್ತುವ ಮೊದಲು ಅರಿಯತಕ್ಕ ಕಾನೂನು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯು ಕಾವೇರಿ ತೀರದ ಕಾಡಿಗೆ ಅಂಟಿಕೊಂಡಿರುವ ಸೀಮೆ. ರಾಗಿ, ಹುರುಳಿ, ಅವರೆ, ಎಳ್ಳು, ಹರಳು ಮೊದಲಾದ ಮಳೆಯಾಧಾರದ ಪೈರುಗಳೇ ಇಲ್ಲಿನ ಬಹುಮಂದಿ ಬೇಸಾಯಗಾರರಿಗೆ ಜೀವನಾಧಾರವಾಗಿವೆ. ಮಳೆ ತಪ್ಪಿದರೆ ಬೆಳೆಯಿಲ್ಲ; ಮಳೆ ಬಂದರೂ ಆನೆ ಹಂದಿಗಳು ಬಿಟ್ಟು ಉಳಿದದ್ದು ಮಾತ್ರ ಕಣಕ್ಕೆ ಬರತಕ್ಕದ್ದು. ಇಂತಹ ಕಡೆಯಲ್ಲಿ, “ಕಡಮೆ ನೀರಿನಲ್ಲಿ ಬೆಳೆಯುತ್ತದೆ, ಕಾಡುಮೃಗಗಳು ಮುಟ್ಟುವುದಿಲ್ಲ, ನಾರಿಗೂ ಬೀಜಕ್ಕೂ ಒಳ್ಳೆಯ ಬೆಲೆಯುಂಟು” ಎಂದು ಯಾರಾದರೂ ಹೊಸ ಪೈರೊಂದನ್ನು ಹೊಗಳಿದರೆ ರೈತನು ಕಿವಿಗೊಡುವುದು ಸಹಜವೇ ಸರಿ. ಹೀಗೆ ಹೊಗಳಲ್ಪಡುತ್ತಿರುವ ಪೈರುಗಳಲ್ಲಿ ‘ಹೆಂಪ್’ ಎಂಬುದು ಒಂದು. ಇದು ಭಂಗಿ ಅಥವಾ ಗಾಂಜಾ ಗಿಡದ ಜಾತಿಯದೇ ಆಗಿರುವುದರಿಂದ, ಇದನ್ನು ಕುರಿತ ಕಾನೂನನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಸ್ಪಷ್ಟವಾಗಿ ತಿಳಿದಿರುವುದು ಅತ್ಯವಶ್ಯಕ.

ಹೆಸರುಗಳಿಂದಾಗುವ ತೊಡಕು

ಇಂಗ್ಲಿಷಿನಲ್ಲಿ ‘ಹೆಂಪ್’ ಎಂಬ ಹೆಸರನ್ನು ಅನೇಕ ನಾರಿನ ಗಿಡಗಳಿಗೆ ಇಟ್ಟಿರುತ್ತಾರೆ. ನಮ್ಮ ಸಣಬನ್ನು ‘ಸನ್ ಹೆಂಪ್’ ಎಂದೂ, ಪುಂಡಿಯನ್ನು ‘ಡೆಕ್ಕನ್ ಹೆಂಪ್’ ಎಂದೂ, ಕತ್ತಾಳೆಯ ಒಂದು ಜಾತಿಯನ್ನು ‘ಸಿಸಾಲ್ ಹೆಂಪ್’ ಎಂದೂ ಕರೆಯುತ್ತಾರೆ. ಈ ಮೂರಕ್ಕೂ ಭಂಗಿಗೂ ಕುಲಸಂಬಂಧವಿಲ್ಲ. ಇವುಗಳನ್ನು ಬೆಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಪೈರನ್ನು ಕಣ್ಣಿನಿಂದ ಗುರುತಿಸುವ ಬಗೆ ಹೀಗಿದೆ. ಸಣಬಿನ ಎಲೆ ಒಂಟಿಯಾದದ್ದು, ನೀಳವಾದದ್ದು. ಹೂವು ಹೊಳೆಯುವ ಹಳದಿ, ಬಲಿತ ಕಾಯಿ ಅಲುಗಿಸಿದರೆ ಗಲಗಲವೆನ್ನುತ್ತದೆ. ಪುಂಡಿಯ ಎಲೆ ಬೆರಳುಬೆರಳಾಗಿ ಸೀಳಿರುವುದರಿಂದ ದೂರಕ್ಕೆ ಭಂಗಿಯಂತೆ ಕಾಣುವುದುಂಟು. ಅದರ ಶಾಸ್ತ್ರೀಯ ನಾಮವಾದ ‘ಹಿಬಿಸ್ಕಸ್ ಕ್ಯಾನಬಿನಸ್’ ಎಂಬುದೂ ಭಂಗಿಯ ಹೋಲಿಕೆಯನ್ನೇ ಸೂಚಿಸುತ್ತದೆ. ಆದರೆ ಪುಂಡಿಯ ಸೀಳುಗಳು ಬುಡದಲ್ಲಿ ಒಂದೇ ಎಲೆಯಾಗಿ ಕೂಡಿರುತ್ತವೆ. ಎಲೆ ಹುಳಿ, ಕಾಂಡದ ಮೇಲೆ ಸಣ್ಣ ಮುಳ್ಳು, ಹೂವು ದೊಡ್ಡದು, ತಿಳಿಹಳದಿ, ನಡುವೆ ಕೆನ್ನೀಲಿ. ಭಂಗಿಯಲ್ಲಾದರೋ ಒಂದೇ ತೊಟ್ಟಿನ ತುದಿಯಿಂದ ಐದೋ ಏಳೋ ಕಿರುಎಲೆಗಳು ಬಿಡಿಬಿಡಿಯಾಗಿ ಹೊರಟಿರುತ್ತವೆ. ಅವುಗಳ ಅಂಚು ಗರಗಸದಂತಿರುತ್ತದೆ. ಹೂವು ಹಸುರು, ದಳಗಳಿಲ್ಲದ್ದು. ಉಜ್ಜಿದರೆ ಘಾಟು ವಾಸನೆ. ಈ ಭೇದವನ್ನು ಅರಿತವನು ಪುಂಡಿಯ ಹೊಲದವನ ಮೇಲೆ ವೃಥಾ ದೂರು ಹೇಳಲಾರನು. ಭಂಗಿಯನ್ನು ಪುಂಡಿಯೆಂದು ನಂಬಿ ಮೋಸಹೋಗಲೂ ಆರನು.

ಕಾನೂನು ಹೇಳುವುದೇನು

ಈ ವಿಷಯದಲ್ಲಿ ದೇಶಕ್ಕೆಲ್ಲ ಅನ್ವಯಿಸುವುದು ೧೯೮೫ನೆಯ ಇಸವಿಯ ಮಾದಕ ದ್ರವ್ಯಗಳ ಕಾಯಿದೆ, ಇದನ್ನು ಎನ್.ಡಿ.ಪಿ.ಎಸ್. ಕಾಯಿದೆ ಎಂದು ವಾಡಿಕೆಯಲ್ಲಿ ಕರೆಯುತ್ತಾರೆ. ಇದರ ೨ನೆಯ ಪ್ರಕರಣದಲ್ಲಿ ‘ಗಾಂಜಾ’ ಎಂಬುದು ಗಿಡದ ಹೂತೆನೆ ಕಾಯಿತೆನೆಗಳಿಗೆ ಮಾತ್ರ ಸಲ್ಲುವ ಹೆಸರು. ತೆನೆಯೊಡನೆ ಕೂಡಿರದ ಬೀಜವೂ ಎಲೆಯೂ ಅದರಲ್ಲಿ ಸೇರುವುದಿಲ್ಲ. ಇದನ್ನೇ ಆಧಾರಮಾಡಿಕೊಂಡು, “ನಮಗೆ ಬೇಕಾದದ್ದು ನಾರು ಬೀಜಗಳು ಮಾತ್ರ, ಆದುದರಿಂದ ಬೆಳೆಯಬಹುದು” ಎಂದು ಹೇಳುವವರುಂಟು. ಈ ವಾದ ಸರಿಯಲ್ಲ. ಅದೇ ಪ್ರಕರಣವು ‘ಭಂಗಿ ಗಿಡ’ ಎಂದರೆ ಆ ಕುಲದ ಯಾವ ಗಿಡವಾದರೂ ಸರಿಯೆಂದು ವಿವರಿಸುತ್ತದೆ. ೮ನೆಯ ಪ್ರಕರಣವು ಯಾವ ಭಂಗಿ ಗಿಡವನ್ನೂ ಬೆಳೆಯಕೂಡದೆಂದು ನಿಷೇಧಿಸುತ್ತದೆ. ಮಾದಕ ಸತ್ವ ಹೆಚ್ಚಿರಲಿ ಕಡಮೆಯಿರಲಿ, ಕಾಯಿದೆಯು ಗಿಡಗಿಡಕ್ಕೆ ಭೇದವೆಣಿಸುವುದಿಲ್ಲ. ಅಪ್ಪಣೆಯಿಲ್ಲದೆ ಬೆಳೆದವನಿಗೆ ೨೦ನೆಯ ಪ್ರಕರಣದ ಮೇರೆಗೆ ೧೦ ವರ್ಷಗಳವರೆಗೆ ಕಠಿಣ ಸಜೆಯೂ ೧ ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯೂ ಆಗಬಹುದು.

ಆದರೆ ಕಾಯಿದೆಯು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ, ವಿಧಿಸಿದ ಕ್ರಮದಲ್ಲಿ, ೮ನೆಯ ಪ್ರಕರಣದಲ್ಲಿಯೇ ವಿನಾಯಿತಿ ಇದೆ. ಬೇಸಾಯಕ್ಕೆ ಅನುಮತಿ ಕೊಡಲೂ ಅದನ್ನು ಹತೋಟಿಯಲ್ಲಿಡಲೂ ೧೦ನೆಯ ಪ್ರಕರಣವು ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ೧೪ನೆಯ ಪ್ರಕರಣವಾದರೋ, ನಾರನ್ನಾಗಲಿ ಬೀಜವನ್ನಾಗಲಿ ಪಡೆಯುವ ಕೈಗಾರಿಕೆಯ ಉದ್ದೇಶಕ್ಕೂ ತೋಟಗಾರಿಕೆಯ ಉದ್ದೇಶಕ್ಕೂ ಸರ್ಕಾರವು ಸಾಮಾನ್ಯ ಅಥವಾ ವಿಶೇಷ ಆಜ್ಞೆಯ ಮೂಲಕ, ಷರತ್ತುಗಳೊಡನೆ, ಭಂಗಿಯನ್ನು ಬೆಳೆಯಗೊಡಬಹುದೆಂದು ಹೇಳುತ್ತದೆ. ಈ ಬಾಗಿಲನ್ನು ತೆರೆಯತಕ್ಕ ಕೀಲಿ ಸರ್ಕಾರದ ಲಿಖಿತ ಆಜ್ಞೆಯೊಂದೇ. ಬೀಜ ಮಾರುವವನ ರಸೀತಿ, ಕಂಪೆನಿಯ ಕರಾರುಪತ್ರ, ಪ್ರಯೋಗಶಾಲೆಯ ಚೀಟಿ ಇವು ಯಾವುವೂ ಕೀಲಿಯಾಗಲಾರವು.

ಮೊದಲು ಸಂಶೋಧನೆ ಏಕೆ?

ಭಂಗಿಯಲ್ಲಿ ಅಮಲು ತರುವ ಸತ್ವಕ್ಕೆ ಟಿ.ಎಚ್.ಸಿ. ಎಂದು ಹೆಸರು. ಒಣಗಿದ ತೂಕದಲ್ಲಿ ಇದು ಶೇಕಡ ೦.೩ಕ್ಕೆ ಮೀರದಿದ್ದರೆ ನಾರಿನ ಜಾತಿ ಎಂಬ ಎಣಿಕೆ ಬಹುದೇಶಗಳಲ್ಲಿ ಹರಡಿದೆ. ೧೯೭೬ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಸಸ್ಯಶಾಸ್ತ್ರಜ್ಞರು ಜಾತಿಗಳನ್ನು ವಿಂಗಡಿಸುವ ಅನುಕೂಲಕ್ಕಾಗಿ ಎಳೆದ ಗೆರೆಯಿದು.

ಆದರೆ ಗಿಡವು ಗೆರೆಯನ್ನು ತಾನಾಗಿ ಕಾಯ್ದುಕೊಳ್ಳುವುದಿಲ್ಲ. ಹೂವು ಬಲಿತಂತೆ ಸತ್ವವೂ ಏರುವುದರಿಂದ ಕೊಯ್ಲು ತಡವಾದರೆ ಮಿತಿ ಮೀರಬಹುದು. ಸಾಮಾನ್ಯವಾಗಿ ಗಂಡು ಗಿಡ ಹೆಣ್ಣು ಗಿಡಗಳು ಬೇರೆಬೇರೆ. ಪರಾಗವು ಗಾಳಿಯಲ್ಲಿ ಬಹುದೂರ ಹೋಗುತ್ತದೆ. ಕಾಡಿನ ಮರೆಯಲ್ಲಿ ಯಾರೋ ಕದ್ದು ಬೆಳೆದ ಗಾಂಜಾದ ಪರಾಗ ಬಿದ್ದರೆ, ಆ ಬೀಜದಿಂದ ಮರುವರ್ಷ ಬರುವ ಪೈರು ತಾಯಿಯ ಗುಣದ್ದಾಗಿರುವುದೆಂಬ ನೆಚ್ಚಿಕೆಯಿಲ್ಲ. ಇದಲ್ಲದೆ ಭಂಗಿಯು ಹಗಲು ಕಿರಿದಾದಾಗ ಹೂವಿಗೆ ಬರುವ ಗಿಡ. ಬೇಸಗೆಯ ಹಗಲು ಬಹಳ ದೀರ್ಘವಾಗಿರುವ ಯೂರೋಪು, ಕೆನಡಾ ಮುಂತಾದ ಉತ್ತರ ದೇಶಗಳಲ್ಲಿ ಸಿದ್ಧಪಡಿಸಿದ ತಳಿಗಳನ್ನು, ಅತಿ ದೀರ್ಘವಾದ ಹಗಲೂ ೧೩ ಗಂಟೆಗೆ ಮುಟ್ಟದ ನಮ್ಮ ಸೀಮೆಯಲ್ಲಿ ಬಿತ್ತಿದರೆ, ಕಾಂಡ ಎತ್ತರಕ್ಕೆ ಏಳುವ ಮೊದಲೇ ಹೂಬಿಟ್ಟು ನಾರು ಕುಂಠಿತವಾಗುತ್ತದೆ. ಆದುದರಿಂದ ಯಾವ ತಳಿ, ಯಾವ ತಿಂಗಳು, ಎಷ್ಟು ಸಾಂದ್ರತೆ, ಯಾವ ದಿನ ಕೊಯ್ಲು ಎಂಬುದನ್ನು ಬೇಲಿಯೊಳಗಿನ ಪ್ರಯೋಗ ಕ್ಷೇತ್ರದಲ್ಲಿ ಕೆಲವು ವರ್ಷ ಪರೀಕ್ಷಿಸದೆ ರೈತನ ಹೊಲಕ್ಕೆ ತರುವುದು ವಿವೇಕವಲ್ಲ. ಪರೀಕ್ಷೆ ವಿಫಲವಾದರೆ ಪ್ರಯೋಗ ಕ್ಷೇತ್ರಕ್ಕೆ ಒಂದು ಹಂಗಾಮು ನಷ್ಟ. ರೈತನಿಗಾದರೋ ಬೆಳೆಯ ನಷ್ಟದೊಡನೆ ಸೆರೆಮನೆಯ ಭಯ.

ಇತರ ಕಡೆಗಳ ಕ್ರಮ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೨೦೧೪ರ ಕೃಷಿ ಕಾನೂನು ಮೊದಲು ವಿಶ್ವವಿದ್ಯಾಲಯಗಳಿಗೂ ಸಂಸ್ಥಾನಗಳ ಕೃಷಿ ಇಲಾಖೆಗಳಿಗೂ ಸಂಶೋಧನೆಗಾಗಿ ಬೆಳೆಯಲು ಎಡೆಗೊಟ್ಟಿತು. ೨೦೧೮ರ ಕಾನೂನು ಅನಂತರವೇ ರೈತರಿಗೆ ಪರವಾನಗಿಯ ಮಾರ್ಗ ತೆರೆಯಿತು. ನಮ್ಮ ದೇಶದಲ್ಲಿಯೂ ಕೇಂದ್ರ ಸರ್ಕಾರವು ೨೦೧೨ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ನೀತಿಯು ಕಡಮೆ ಸತ್ವದ ಭಂಗಿಯ ಸಂಶೋಧನೆಯನ್ನೂ ಪ್ರಯೋಗಗಳನ್ನೂ ಪ್ರೋತ್ಸಾಹಿಸಿ, ಫಲಿತಾಂಶ ಕಂಡು ಎಚ್ಚರಿಕೆಯಿಂದ ಮುಂದುವರಿಯಬೇಕೆಂದಿತು. ಗಢವಾಲ್ ಕುಮಾವೂಗಳಲ್ಲಿ ಹಿಂದಿನಿಂದಲೂ ಭಂಗಿಯ ನಾರಿನಿಂದ ಹಗ್ಗವನ್ನೂ ಬೀಜದಿಂದ ಚಟ್ನಿಯನ್ನೂ ಮಾಡುವ ಪದ್ಧತಿಯಿದ್ದಿತು. ಆ ಪ್ರಾಂತ್ಯಗಳನ್ನೊಳಗೊಂಡ ಉತ್ತರಾಖಂಡವು ಶೇಕಡ ೦.೩ರ ಮಿತಿಯನ್ನಿಟ್ಟು ಪರವಾನಗಿಯ ಕ್ರಮವನ್ನು ಏರ್ಪಡಿಸಿ, ೨೦೧೮ರಲ್ಲಿ ಮೊದಲನೆಯ ಪರವಾನಗಿಯನ್ನು ಕೊಟ್ಟಿತು. ಹಿಮಾಚಲ ಪ್ರದೇಶದ ಮಂತ್ರಿಮಂಡಲವು ೨೦೨೫ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿಯ ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ರಾಜ್ಯದ ಪರವಾನಗಿಯು ಮತ್ತೊಂದು ರಾಜ್ಯದ ಹೊಲಕ್ಕೆ ಸಲ್ಲದೆಂಬುದನ್ನು ಓದುಗರು ಮರೆಯಬಾರದು.

೨೦೨೧ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಭಂಗಿಬೀಜ ಮತ್ತು ಬೀಜದೆಣ್ಣೆಗಳನ್ನು ಆಹಾರವಾಗಿ ಮಾರಲು ಮಿತಿಗಳನ್ನು ಗೊತ್ತುಮಾಡಿತು. ಬೀಜಕ್ಕೆ ಕಿಲೋಗ್ರಾಂಗೆ ೫ ಮಿಲಿಗ್ರಾಂ, ಎಣ್ಣೆಗೆ ೧೦ ಮಿಲಿಗ್ರಾಂ ಟಿ.ಎಚ್.ಸಿ. ಮೀರಕೂಡದು. ಇದು ತಿನ್ನುವ ವಸ್ತುವಿನ ಮಾತು. ಅಂಗಡಿಯಲ್ಲಿ ಬೀಜ ದೊರೆಯುವುದೆಂಬ ಮಾತ್ರಕ್ಕೆ ಅದನ್ನು ಹೊಲದಲ್ಲಿ ಬಿತ್ತಲು ಅಪ್ಪಣೆ ದೊರೆಯಿತೆಂದು ಭಾವಿಸುವುದು ದೊಡ್ಡ ತಪ್ಪು.

ಮುಖಂಡರ ಮತ್ತು ಭೂಮಾಲೀಕರ ಕರ್ತವ್ಯ

ಕಾಯಿದೆಯ ೪೬ನೆಯ ಪ್ರಕರಣವು ಜಮೀನಿನ ಒಡೆಯನನ್ನೇ ಉದ್ದೇಶಿಸಿದೆ. ತನ್ನ ಭೂಮಿಯಲ್ಲಿ ಕಾನೂನಿಗೆ ವಿರೋಧವಾಗಿ ಭಂಗಿ ಬೆಳೆದಿದ್ದರೆ ಅವನು ಕೂಡಲೆ ಪೊಲೀಸರಿಗಾಗಲಿ ಅಧಿಕಾರವುಳ್ಳ ಇತರ ಇಲಾಖೆಯವರಿಗಾಗಲಿ ತಿಳಿಸತಕ್ಕದ್ದು. ತಿಳಿದೂ ಉದಾಸೀನ ಮಾಡಿದರೆ ಶಿಕ್ಷೆಗೆ ಗುರಿಯಾಗುವನು. ಊರು ಬಿಟ್ಟು ಬೆಂಗಳೂರಿನಲ್ಲಿ ವಾಸಿಸುತ್ತ ಹೊಲವನ್ನು ಪರರ ಸಾಗುವಳಿಗೆ ಬಿಟ್ಟಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ೪೭ನೆಯ ಪ್ರಕರಣವು ಸರ್ಕಾರಿ ನೌಕರರಿಗೂ ಪಂಚರಿಗೂ ಸರಪಂಚರಿಗೂ ಗ್ರಾಮದ ಸಕಲ ಅಧಿಕಾರಿಗಳಿಗೂ ಇದೇ ಹೊಣೆಯನ್ನು ಹೊರಿಸಿದೆ. ನೆರೆಹೊರೆಯ ದಾಕ್ಷಿಣ್ಯವಾಗಲಿ ನಂಟಸ್ತಿಕೆಯಾಗಲಿ ಇಲ್ಲಿ ನೆಪವಾಗಲಾರದು.

ಆದುದರಿಂದ ಭೂಮಾಲೀಕರು ರಾಗಿ, ತೊಗರಿ, ಹರಳು, ಮುಸುಕಿನ ಜೋಳ ಮೊದಲಾದ ಎತ್ತರದ ಪೈರಿನ ಒಳಸಾಲುಗಳನ್ನೂ ಕಾಡಂಚಿನ ಬೀಳುಗಳನ್ನೂ ಹಂಗಾಮಿನಲ್ಲಿ ಎರಡು ಮೂರು ಬಾರಿಯಾದರೂ ಸ್ವತಃ ನೋಡುವುದು ಲೇಸು. ಸಂಶಯದ ಗಿಡ ಕಂಡರೆ ಅದನ್ನು ತಾವೇ ಕಿತ್ತು ಮರೆಮಾಡಕೂಡದು. ಸರ್ವೆ ನಂಬರು, ಕಂಡ ದಿನ, ಸ್ಥಳದ ಗುರುತು ಇವನ್ನು ಬರೆದು ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಬೇಕು. ಮೊದಲು ತಿಳಿಸಿದವನೆಂಬ ಆ ಚೀಟಿಯೇ ಮುಂದೆ ನಿರ್ದೋಷಿಯಾದ ಒಡೆಯನಿಗೆ ಆಧಾರ.

ಹೆಂಪ್ ಬೆಳೆಯೆಂದು ಬರುವವನನ್ನು ಈ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಬೇಕು:

೧. ೧೪ನೆಯ ಪ್ರಕರಣದ ಮೇರೆಗೆ ಕರ್ನಾಟಕಕ್ಕೆ ಸಲ್ಲುವ ಸರ್ಕಾರಿ ಆಜ್ಞೆಯ ನಂಬರೂ ದಿನಾಂಕವೂ ಯಾವುವು?

೨. ಪರವಾನಗಿಯಲ್ಲಿ ಈ ಸರ್ವೆ ನಂಬರೂ ಬೆಳೆಯುವವನ ಹೆಸರೂ ನಮೂದಾಗಿವೆಯೇ?

೩. ಈ ತಳಿಯನ್ನು ನಮ್ಮ ಹವೆಯಲ್ಲಿ ಪರೀಕ್ಷಿಸಿದ ಸಂಸ್ಥೆ ಯಾವುದು?

೪. ಪೈರಿನ ಸತ್ವ ಮಿತಿ ಮೀರಿ ಅದನ್ನು ನಾಶಪಡಿಸಬೇಕಾಗಿ ಬಂದರೆ ನಷ್ಟವನ್ನು ಕೊಡುವವರು ಯಾರು?

ಮೊದಲನೆಯದಕ್ಕೆ ಕಾಗದದ ಮೂಲಕ ಉತ್ತರ ಬಾರದಿದ್ದರೆ ಉಳಿದ ಮೂರನ್ನು ಕೇಳುವ ಶ್ರಮವೇ ಬೇಡ. ಕಾಗದ ತೋರಿಸಿದರೂ ಅದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಅಬಕಾರಿ ಇಲಾಖೆಯಲ್ಲಿಯೂ ವಿಚಾರಿಸಿ ನೋಡಿಯೇ ಮುಂದಿನ ಮಾತು.

ನಾರು ಬೇಕಾದವರಿಗೆ ಸಣಬಿದೆ, ಪುಂಡಿಯಿದೆ, ಬದುವಿಗೆ ಕತ್ತಾಳೆಯಿದೆ. ಸಣಬನ್ನು ಮುಂಗಾರಿನ ಮೊದಲ ಮಳೆಗೆ ಎಕರೆಗೆ ೧೦ರಿಂದ ೨೦ ಕಿಲೋಗ್ರಾಂ ಬಿತ್ತಿ, ಹೂ ಬರುವ ಸಮಯಕ್ಕೆ ಉತ್ತು ಮಣ್ಣಿಗೆ ಸೇರಿಸಿದರೆ ಭೂಮಿಗೆ ಸಾರವಾಗುತ್ತದೆ. ಬಲಿಯಗೊಟ್ಟರೆ ಹಗ್ಗಕ್ಕೆ ನಾರಾಗುತ್ತದೆ. ಭಂಗಿಯ ನಾರು ಮುಂದೆ ನಮ್ಮ ಸೀಮೆಗೆ ಲಾಭದಾಯಕವೆಂದು ಪ್ರಯೋಗಗಳಿಂದ ಸ್ಥಿರಪಟ್ಟು, ಸರ್ಕಾರದ ಆಜ್ಞೆಯೂ ಹೊರಟರೆ, ಅದನ್ನು ಬೆಳೆಯುವ ಕಾಲ ಬರಬಹುದು. ಅಲ್ಲಿಯವರೆಗೆ ಆ ಬೀಜ ಪ್ರಯೋಗ ಕ್ಷೇತ್ರದ ಬೇಲಿಯೊಳಗಿರಲಿ. ರೈತನ ಪಹಣಿಯಲ್ಲಿ ಅದರ ಹೆಸರು ಕಾಣದಿರಲಿ.