ಕಿರುಪಟ್ಟಿಗಳಿಂದ ಹಿರಿಯುಡುಪು

ಪಶ್ಚಿಮ ಆಫ್ರಿಕದ ನೈಜೀರಿಯ ದೇಶದ ನೈಋತ್ಯ ಭಾಗವು ಯೊರುಬಾ ಜನರ ನಾಡು. ಮದುವೆ ಮೊದಲಾದ ಸಮಾರಂಭಗಳಲ್ಲಿ ಅಲ್ಲಿನ ಗಂಡಸರು ತೊಡುವ ವಿಶಾಲವಾದ ಮೇಲಂಗಿಗೆ ‘ಅಗ್ಬಾದ’ ಎಂದು ಹೆಸರು. ಅದರ ಒಳಗೆ ‘ಬುಬಾ’ ಎಂಬ ಅಂಗಿ, ‘ಶೋಕೋಟೊ’ ಎಂಬ ಷರಾಯಿ. ತಲೆಯ ಮೇಲೆ ‘ಫಿಲಾ’ ಎಂಬ ಟೋಪಿ. ಅಗ್ಬಾದದ ತೋಳುಗಳು ಬಹಳ ಅಗಲವಾದುದರಿಂದ ತೊಟ್ಟವರು ಅವನ್ನು ಮಡಿಸಿ ಹೆಗಲ ಮೇಲೇರಿಸಿಕೊಳ್ಳುತ್ತಾರೆ. ಇಷ್ಟು ದೊಡ್ಡ ಉಡುಪಿಗೆ ಬಳಸುವ ‘ಅಶೊ ಒಕೆ’ ಎಂಬ ಕೈಮಗ್ಗದ ಬಟ್ಟೆಯ ಅಗಲವಾದರೋ ಸುಮಾರು 10 ಸೆಂಟಿಮೀಟರು ಮಾತ್ರ! ಇಂಥ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದೇ ಅಗಲವಾದ ಬಟ್ಟೆಯನ್ನು ಪಡೆಯಬೇಕು. ಈ ಕೆಲಸದಲ್ಲಿ ಘರ್ಷಣೆಯು ಮೊದಲು ಮಿತ್ರನಾಗಿಯೂ ಅನಂತರ ಶತ್ರುವಾಗಿಯೂ ವರ್ತಿಸುವ ಬಗೆಯನ್ನು ನೋಡೋಣ.

ಓಯೊ ರಾಜ್ಯದ ಇಸೆಯಿನ್ ಪಟ್ಟಣವು ಈ ನೇಯ್ಗೆಗೆ ಪ್ರಸಿದ್ಧವಾದುದು. ನೇಕಾರನ ಮುಂದೆ ಹಾಸಿನ ಎಳೆಗಳು ನೆಲದುದ್ದಕ್ಕೂ ಹಲವು ಮೀಟರು ದೂರ ಚಾಚಿರುತ್ತವೆ. ಅವುಗಳ ಕೊನೆಯನ್ನು ಕಲ್ಲು ಹೇರಿದ ಒಂದು ಜಾರುಹಲಗೆಗೆ ಕಟ್ಟಿರುತ್ತಾರೆ. ನೇಯ್ದ ಭಾಗವನ್ನು ಸುತ್ತಿಕೊಂಡಂತೆಲ್ಲ ಹಲಗೆಯು ನೆಲವನ್ನುಜ್ಜುತ್ತ ಮುಂದೆ ಸರಿಯುತ್ತದೆ. ಹಲಗೆ ಮತ್ತು ಕಲ್ಲುಗಳ ರಾಶಿ 10 ಕಿಲೋಗ್ರಾಂ, ಘರ್ಷಣಾಂಕ 0.4 ಎಂದು ಭಾವಿಸೋಣ. ಆಗ ಎಳೆಗಳ ಒಟ್ಟು ಬಿಗಿತ 10 × 9.8 × 0.4, ಎಂದರೆ ಸುಮಾರು 39 ನ್ಯೂಟನ್. ಹಾಸಿನಲ್ಲಿ 200 ಎಳೆಗಳಿದ್ದರೆ ಒಂದೊಂದರ ಪಾಲು ಸುಮಾರು 0.2 ನ್ಯೂಟನ್. ಹಾಸು ಉದ್ದವಾಗಿರಲಿ, ಮುಗಿಯುತ್ತ ಬಂದಿರಲಿ, ಈ ಬೆಲೆ ಹೆಚ್ಚು ಬದಲಾಗದು. ಆದಕಾರಣ ಪಟ್ಟಿಯು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಮೂಡುತ್ತದೆ.

ಇನ್ನು ಹೊಲಿಗೆ. ಹೊಕ್ಕಿನ ನೂಲು ಅಂಚಿನಲ್ಲಿ ಹಿಂದಿರುಗುವುದರಿಂದ ಪಟ್ಟಿಯ ಅಂಚು ಬಿಚ್ಚಿಕೊಳ್ಳುವುದಿಲ್ಲ. ಎರಡು ಅಂಚುಗಳನ್ನು ಎದುರುಬದುರಾಗಿಟ್ಟು ಕೈಯಿಂದ ಹೊಲಿದರೆ ಅಗಲದಲ್ಲಿ ನಷ್ಟ ಅತ್ಯಲ್ಪ. ಒಂದರ ಮೇಲೊಂದಿಟ್ಟು ಯಂತ್ರದಿಂದ ಹೊಲಿಯುವಾಗ ಪ್ರತಿ ಅಂಚಿನಲ್ಲಿ 3 ಮಿಲಿಮೀಟರು ಒಳಗೆ ಹೋಯಿತೆನ್ನೋಣ. 120 ಸೆಂಟಿಮೀಟರು ಬೇಕೆಂದು 12 ಪಟ್ಟಿಗಳನ್ನು ಕೂಡಿಸಿದರೆ 11 ಹೊಲಿಗೆಗಳಲ್ಲಿ 66 ಮಿಲಿಮೀಟರು ನಷ್ಟವಾಗುವುದು! 13ನೆಯ ಪಟ್ಟಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯ ತೊಂದರೆ ಇದಕ್ಕಿಂತ ಸೂಕ್ಷ್ಮವಾದುದು. ಯಂತ್ರದ ಕೆಳಗಿನ ಹಲ್ಲುಗಳು ಕೆಳಪದರವನ್ನು ಹಿಡಿದು ಮುಂದೊಯ್ಯುತ್ತವೆ. ಮೇಲಿನ ಒತ್ತುಪಾದವಾದರೋ ಘರ್ಷಣೆಯಿಂದ ಮೇಲ್ಪದರವನ್ನು ತಡೆಯುತ್ತದೆ. ಹೀಗಾಗಿ ಮೇಲಿನ ಪಟ್ಟಿ ಕೊಂಚ ಹಿಂದುಳಿಯುತ್ತದೆ. ಎದೆಯ ಕಡೆಯಿಂದ ಹೆಗಲನ್ನು ದಾಟಿ ಬೆನ್ನಿಗಿಳಿಯುವ ಪಟ್ಟಿಯ ಉದ್ದ 240 ಸೆಂಟಿಮೀಟರು, ಹಿಂದುಳಿಕೆ ನೂರಕ್ಕೆ ಅರ್ಧ ಎಂದರೂ ಕೊನೆಯಲ್ಲಿ 12 ಮಿಲಿಮೀಟರು ವ್ಯತ್ಯಾಸ ಬೀಳುತ್ತದೆ. ಎಲ್ಲ ಹೊಲಿಗೆಗಳನ್ನೂ ಒಂದೇ ತುದಿಯಿಂದ ಆರಂಭಿಸಿದರೆ ದೋಷಗಳು ಒಂದೇ ದಿಕ್ಕಿನಲ್ಲಿ ಕೂಡುತ್ತ ಹೋಗಿ ಬಟ್ಟೆಯು ಬಿಲ್ಲಿನಂತೆ ಬಾಗುತ್ತದೆ. ಪರಿಹಾರ ಸುಲಭ: ಮೊದಲು ಎರಡು ತುದಿಗಳನ್ನೂ ನಡುವನ್ನೂ ಗುಂಡುಸೂಜಿಯಿಂದ ಸೇರಿಸಬೇಕು, ಒಂದು ಹೊಲಿಗೆಯನ್ನು ಈ ತುದಿಯಿಂದ ತೊಡಗಿದರೆ ಮುಂದಿನದನ್ನು ಆ ತುದಿಯಿಂದ ತೊಡಗಬೇಕು.

ಇಂಥ ಎಚ್ಚರಿಕೆ ವ್ಯರ್ಥವಲ್ಲ. ಗಿನಿಕೋಳಿಯ ಗರಿಯನ್ನು ನೆನಪಿಗೆ ತರುವ ಕಡುನೀಲಿಯ ‘ಎಟು’ ಬಟ್ಟೆಯಲ್ಲಿ ಸಣ್ಣ ತಿಳಿಗೆರೆಗಳಿರುತ್ತವೆ. ಪಟ್ಟಿ ಸ್ವಲ್ಪ ಸುಕ್ಕಾದರೂ ಗೆರೆಗಳು ಅದನ್ನು ಬಯಲು ಮಾಡುತ್ತವೆ. ಕಾಡುರೇಷ್ಮೆಯ ಕಂದು ‘ಸನ್ಯಾನ್’ ಬಟ್ಟೆಯಾದರೋ ಬಹು ಬೆಲೆಯುಳ್ಳದ್ದು. ಕೊರಳ ಸುತ್ತಲೂ ಎದೆಯ ಮೇಲೂ ದಟ್ಟವಾದ ಕಸೂತಿ ಹಾಕಿದ ಮೇಲೆ ಸೊಟ್ಟಗಾದ ಬಟ್ಟೆಯನ್ನು ಬಿಚ್ಚಿ ತಿದ್ದುವುದು ಅತಿ ಕಷ್ಟ.

ಮನೆಯಲ್ಲಿ ಹೊಲಿಗೆ ಯಂತ್ರವಿರುವ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಒಂದು ಮೀಟರು ಉದ್ದದ ಎರಡು ಸಮನಾದ ಬಟ್ಟೆಪಟ್ಟಿಗಳನ್ನು ಗುಂಡುಸೂಜಿಯಿಲ್ಲದೆ, ಕೈಯಿಂದ ಎಳೆಯದೆ ಹೊಲಿಯಿರಿ. ಕೊನೆಯಲ್ಲಿ ಮೇಲಿನ ಪಟ್ಟಿ ಎಷ್ಟು ಹೊರಚಾಚಿದೆಯೆಂದು ಅಳೆಯಿರಿ. ಒತ್ತುಪಾದದ ಒತ್ತಡವನ್ನು ಬದಲಿಸಿ ಪುನಃ ಅಳೆದರೆ, ಪುಸ್ತಕದಲ್ಲಿ ಓದಿದ ಘರ್ಷಣೆಯ ನಿಯಮವು ಬಟ್ಟೆಯ ಮೇಲೆಯೇ ಕಾಣಿಸುವುದು.